ದೊಡ್ಡ ಲಾರಿ ಎಲ್ಲಿಯವರೆಗೆ ಬರಬೇಕು?



ಕೊಯ್ಲು ಮುಗಿದು ಮಾಲು ಸಾಗಿಸುವ ಕಾಲ ಬಂದಾಗಲೆಲ್ಲ ನಮ್ಮ ಸಂಘದಲ್ಲಿ ಒಂದು ಸಲಹೆ ಕೇಳಿಬರುತ್ತದೆ. ಕೊಳ್ಳುವವರ ಟ್ರೇಲರ್ ಲಾರಿಗಳು ತೋಟದ ಗೇಟಿಗೇ ಬಂದು ಕಾಫಿ, ಅಡಿಕೆ ತುಂಬಿಕೊಂಡು ಹೋಗಲಿ. ಸಂಘದ ಗೋದಾಮಿನಲ್ಲಿ ಇಳಿಸಿ ಮತ್ತೆ ಏರಿಸುವ ಹಮಾಲಿ ಖರ್ಚು ಏಕೆ ಎಂಬುದು ಆ ಸಲಹೆ. ಮೇಲ್ನೋಟಕ್ಕೆ ಸರಿಯೆನಿಸುವ ಈ ಮಾತನ್ನು ಒಪ್ಪಲಾಗದು ಎಂದು ನಾವು ಭಾವಿಸುತ್ತೇವೆ. ಕಾರಣ ತಿಳಿಯಲು ಅಮೆರಿಕದ ನಗರಗಳು ಕಸ ಸಾಗಿಸುವ ರೀತಿಯನ್ನು ನೋಡಬಹುದು. ಕಸವೆಂದು ಮೂಗು ಮುರಿಯಬೇಕಾಗಿಲ್ಲ. ಮನೆಮನೆಯಿಂದ ಕೂಡಿಸಿ ದೂರಕ್ಕೆ ಕಳುಹಿಸಬೇಕಾದ ಹೊರೆ ಎಂಬ ಮಟ್ಟಿಗೆ ಅದಕ್ಕೂ ನಮ್ಮ ಮಾಲಿಗೂ ಭೇದವಿಲ್ಲ.

ಅಲ್ಲಿ ಕಸದ ಲಾರಿಯೇ ಬೇರೆ, ಟ್ರೇಲರ್ ಲಾರಿಯೇ ಬೇರೆ. ಕಸದ ಲಾರಿಯದು ಒಂದೇ ಚಾಸಿ, ಗಿಡ್ಡ ಮೈ. ಇಕ್ಕಟ್ಟಾದ ಬೀದಿಯಲ್ಲಿ ತಿರುಗುತ್ತದೆ, ದಿನಕ್ಕೆ ನೂರಾರು ಸಲ ನಿಂತು ಹೊರಡುತ್ತದೆ, ಎಂಜಿನ್ನಿನ ಬಲದಿಂದಲೇ ಕಸವನ್ನು ಅದುಮಿ ತುಂಬುತ್ತದೆ. ಬ್ರೇಕು ಬೇಗ ಸವೆಯುತ್ತದೆ. ಒಂದು ಲೀಟರ್ ಡೀಸೆಲಿಗೆ ಒಂದು ಕಿಲೋಮೀಟರಿನ ಆಚೀಚೆ ಓಡುತ್ತದೆ. ಟ್ರೇಲರಿನಲ್ಲಿ ಎಳೆಯುವ ಮುಂಭಾಗ ಬೇರೆ, ಹೊರುವ ಹಿಂಭಾಗ ಬೇರೆ. ನಡುವೆ ತಿರುಗುವ ಕೀಲು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವುದರಿಂದ ಲೀಟರಿಗೆ ಸುಮಾರು ಎರಡೂವರೆ ಕಿಲೋಮೀಟರ್ ಕೊಡುತ್ತದೆ, ಹೊರೆಯೂ ಹೆಚ್ಚು. ಆದ್ದರಿಂದ ಕಸ ಸುರಿಯುವ ಜಾಗ ದೂರವಿರುವ ಊರುಗಳಲ್ಲಿ ಕಸದ ಲಾರಿ ಬೀದಿಯಿಂದ ವರ್ಗಾವಣೆ ಕೇಂದ್ರದವರೆಗೆ ಮಾತ್ರ ಹೋಗುತ್ತದೆ. ನ್ಯೂಯಾರ್ಕಿನ ಫ್ರೆಶ್ ಕಿಲ್ಸ್ ಕಸದ ಗುಡ್ಡವನ್ನು 2001ರಲ್ಲಿ ಮುಚ್ಚಿದ ಮೇಲೆ ಆ ನಗರವೂ ಇಂಥ ಕೇಂದ್ರಗಳಿಂದಲೇ ರೈಲು, ಟ್ರೇಲರುಗಳ ಮೂಲಕ ಕಸವನ್ನು ಹೊರ ರಾಜ್ಯಗಳಿಗೆ ಕಳುಹಿಸುತ್ತಿದೆ. ಇಳಿಸಿ ಏರಿಸುವ ಖರ್ಚು ಅವರಿಗೂ ಇದೆ.

ಹಾಗಾದರೆ ರಸ್ತೆಯನ್ನು ಹಾಳುಮಾಡುವುದು ಟ್ರೇಲರ್ ಒಂದೇ ಎಂದು ತಿಳಿಯಬಾರದು. ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಪರೀಕ್ಷೆಯಿಂದ ಒಂದು ಲೆಕ್ಕ ಹೊರಬಂತು. ಒಂದು ಆಕ್ಸಲಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಎರಡರಷ್ಟಲ್ಲ, ಸುಮಾರು 16 ಪಟ್ಟು. ಅಲ್ಲಿನ ಟ್ರೇಲರಿನ 36 ಟನ್ ಐದು ಆಕ್ಸಲುಗಳ ಮೇಲೆ ಹಂಚಿಹೋಗುತ್ತದೆ. ಕಸದ ಲಾರಿಯ 25 ಟನ್ ಮೂರರ ಮೇಲೆ, ಅದರಲ್ಲೂ ಹೆಚ್ಚಿನದು ಹಿಂದಕ್ಕೇ ಬೀಳುತ್ತದೆ. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಮೇಲಿನ ಲೆಕ್ಕ ಹಿಡಿದರೆ ಕಾನೂನು ಒಪ್ಪಿದ ಈ ಏರಿಕೆಯಿಂದಲೇ ಸವೆತ ಒಂದೂವರೆ ಪಟ್ಟಿಗೂ ಮೀರುತ್ತದೆ. ಮಿತಿಗಿಂತ ಕಾಲು ಭಾಗ ಹೆಚ್ಚು ಹೇರಿದ ನಮ್ಮದೇ ಚಿಕ್ಕ ಲಾರಿ ಸುಮಾರು ಎರಡೂವರೆ ಪಟ್ಟು ಹಾನಿ ಮಾಡುತ್ತದೆ.

ಟ್ರೇಲರಿನ ತೊಂದರೆ ಬೇರೆ ಬಗೆಯದು. ತಿರುವಿನಲ್ಲಿ ಅದರ ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲಿ ಬರದೆ ಒಳಬದಿಗೆ ಸರಿಯುತ್ತವೆ. ತೋಟದ ದಾರಿಯಲ್ಲಿ ಆ ಒಳಬದಿ ಎಂದರೆ ಚರಂಡಿ, ಇಲ್ಲವೇ ಧರೆಯ ಬುಡ. ಎತ್ತಿನ ಗಾಡಿ, ಜೀಪುಗಳಿಗೆಂದು ಕಟ್ಟಿದ ಹಳೆಯ ಮೋರಿಗಳು ಅಷ್ಟು ಭಾರವನ್ನು ತಾಳಲಾರವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದಲ್ಲಿ ಗುಡ್ಡ ಜರಿದು ರಸ್ತೆಗಳೇ ಹೋದದ್ದನ್ನು ನಾವೆಲ್ಲ ಬಲ್ಲೆವು. ಅಂಥ ಮಣ್ಣಿನ ಮೇಲೆ ಬದುಕುವವರು ಧರೆಯನ್ನು ಕೆದಕಬಾರದು.

ಹಮಾಲಿ ಖರ್ಚು ಸುಳ್ಳಲ್ಲ. ಆದರೆ ಒಂದು ಮೋರಿ ಕುಸಿದರೆ ಆ ದಾರಿಯ ಎಲ್ಲ ತೋಟಗಳ ಮಾಲೂ ನಿಲ್ಲುತ್ತದೆ. ಶಾಲೆಯ ಮಕ್ಕಳೂ ಆಸ್ಪತ್ರೆಗೆ ಹೊರಟ ರೋಗಿಯೂ ನಿಲ್ಲುತ್ತಾರೆ. ಉಳಿತಾಯ ಕೊಳ್ಳುವವರಿಗೆ, ನಷ್ಟ ಊರಿಗೆ ಎಂಬಂತಾಗುತ್ತದೆ.

ಆದ್ದರಿಂದ ಸಂಘದ ಮುಂದಿನ ಸಭೆಯಲ್ಲಿ ಎರಡು ನಿರ್ಣಯಗಳಾಗಬೇಕು. ಟ್ರೇಲರ್ ಹೆದ್ದಾರಿ ಬದಿಯ ಗೋದಾಮಿನಿಂದ ಈಚೆಗೆ ಬರಕೂಡದು. ತೋಟದಿಂದ ಗೋದಾಮಿಗೆ ಬರುವ ನಮ್ಮ ಲಾರಿ, ಟ್ರಾಕ್ಟರುಗಳೂ ಮಿತಿ ಮೀರಿ ಹೇರಕೂಡದು. ಒಂದು ಸಲದ ಬದಲು ಎರಡು ಸಲ ಬರಲಿ. ಮೊದಲನೆಯದಕ್ಕೆ ಎಲ್ಲರೂ ಸುಲಭವಾಗಿ ಕೈಯೆತ್ತಬಹುದು. ಎರಡನೆಯದಕ್ಕೂ ಕೈಯೆತ್ತಿದರೆ ಮಾತ್ರ ರಸ್ತೆ ಉಳಿದೀತು.