ದನಿ ಬರುತ್ತದೆ, ಚಿತ್ರ ಬಾರದು!

ಕುಂದಗೋಳ ಕಡೆಯ ಪಾಲಕರೊಬ್ಬರ ಪ್ರಶ್ನೆ: ಮಾಸ್ತರರು ಕಳಿಸಿದ ಗಣಿತದ ಪಾಠವನ್ನು ಮಗಳ ಹಳೆಯ ಮೊಬೈಲಿನಲ್ಲಿ ತೆರೆದರೆ ದನಿ ಕೇಳುತ್ತದೆ, ಪರದೆ ಮಾತ್ರ ಕಪ್ಪು. ಹೊಸ ಫೋನು ಕೊಳ್ಳಲೇಬೇಕೆ?

ಅವಸರ ಬೇಡ, ಫೋನು ಕೆಟ್ಟಿರಲಾರದು. ವಿಡಿಯೊ ಬಲು ದೊಡ್ಡ ಗಂಟು. ಅದನ್ನು ಒತ್ತಿ ಕಿರಿದು ಮಾಡಿಯೇ ಕಳಿಸುವುದು. ಒತ್ತುವ, ಬಿಚ್ಚುವ ಈ ಕ್ರಮಕ್ಕೆ ಕೋಡೆಕ್ ಎಂದು ಹೆಸರು. 2003ರಲ್ಲಿ ಬಂದ ಎಚ್.264 ಕ್ರಮವನ್ನು ಬಿಚ್ಚಲು ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನುಗಳಿಗೂ ಬರುತ್ತದೆ. 2013ರ ಎಚ್.265 ಅದೇ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಆದರೆ ಹಳೆಯ ಚಿಪ್ಪುಗಳಿಗೆ ಆ ಗಂಟು ಬಿಚ್ಚುವುದೇ ಗೊತ್ತಿಲ್ಲ! ದನಿಯನ್ನು ಒತ್ತುವ ಕ್ರಮ ಬೇರೆ. ಅದಕ್ಕೇ ದನಿಯಷ್ಟೇ ಕೇಳುತ್ತದೆ.

2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಟಿವಿಗೆ ಈ ರಗಳೆ ಇರಲಿಲ್ಲ. ಅಪ್ಪನ ಹಳೆಯ ಫೋನು ಮಕ್ಕಳ ಕೈಗೆ ಬಂದಾಗ ಇದು ಮನೆಯೊಳಗೂ ಬಂತು.

ಮಾಸ್ತರರ ಕ್ಯಾಮೆರಾ ಸೆಟಿಂಗ್ಸ್‌ನಲ್ಲಿ ‘ಹೈ ಎಫಿಶಿಯನ್ಸಿ’ ಅಥವಾ ‘ಎಚ್‌ಇವಿಸಿ’ ಎಂದಿದ್ದರೆ ತೆಗೆಯಲಿ. ಈಗಾಗಲೇ ಚಿತ್ರಿಸಿದ ಪಾಠವಿದ್ದರೆ, ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಬಳಸಿ ಎಂಪಿ4, ಎಚ್.264, ಬೇಸ್‌ಲೈನ್ ಪ್ರೊಫೈಲ್, 480 ಗೆರೆ ಎಂದು ಆರಿಸಿ ಬದಲಿಸಬಹುದು. ‘ವೆಬ್ ಆಪ್ಟಿಮೈಸ್ಡ್’ ಎಂಬಲ್ಲಿಯೂ ಗುರುತು ಹಾಕಲಿ. ಜಾಲತಾಣದಲ್ಲಿಟ್ಟರೆ ಪೂರ್ತಿ ಇಳಿಯುವ ಮೊದಲೇ ಪಾಠ ಶುರುವಾಗುತ್ತದೆ.

ಗಾತ್ರದ ಲೆಕ್ಕ ವಿದ್ಯಾರ್ಥಿಗಳೇ ಮಾಡಿ ನೋಡಿ. ದನಿ ಸೇರಿ ಸೆಕೆಂಡಿಗೆ 400 ಕಿಲೊಬಿಟ್. ಅರ್ಧ ಗಂಟೆಗೆ 1800 ಸೆಕೆಂಡು. ಗುಣಿಸಿ 8ರಿಂದ ಭಾಗಿಸಿದರೆ 90,000 ಕಿಲೊಬೈಟ್, ಅಂದರೆ 90 ಎಂಬಿ. ಕರಿಹಲಗೆಯ ಪಾಠದಲ್ಲಿ ಅಲುಗಾಟ ಕಡಿಮೆ, ಇಷ್ಟು ಸಾಲುತ್ತದೆ. ಅಕ್ಷರ ಮಾತ್ರ ದಪ್ಪಗೆ ಬರೆದಿರಬೇಕು. ಮೊದಲು ಒಂದು ನಿಮಿಷದ ತುಣುಕನ್ನು ತರಗತಿಯಲ್ಲೇ ಅತಿ ಹಳೆಯ ಫೋನಿಗೆ ಕಳಿಸಿ ನೋಡಲಿ.