ವಿಷಕ್ಕೆ ಮೊದಲು ವಿವೇಕ: ಊಜಿ ನೊಣದ ಪಾಠ

ತೋಟದಲ್ಲಿ ಹುಳು ಕಂಡೊಡನೆ ಕೀಟನಾಶಕದ ಡಬ್ಬಿಗೆ ಕೈಹಾಕುವುದೇ ವೈಜ್ಞಾನಿಕ ಕೃಷಿಯೆಂದು ನಮ್ಮನ್ನು ನಂಬಿಸಲಾಗಿದೆ. ಕೀಟವು ಎಲ್ಲಿ ಮೊಟ್ಟೆಯಿಡುತ್ತದೆ, ಎಲ್ಲಿ ಬೆಳೆಯುತ್ತದೆ ಎಂಬುದನ್ನೇ ವಿಚಾರಿಸದ ಈ ವಿಜ್ಞಾನ ಯಾರ ಲಾಭಕ್ಕಾಗಿ?

ಬಯಲುಸೀಮೆಯ ರೇಷ್ಮೆ ಬೆಳೆಗಾರರನ್ನು ನೋಡೋಣ. ಊಜಿ ನೊಣವು 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡುಗಳೊಂದಿಗೆ ಕರ್ನಾಟಕಕ್ಕೆ ಬಂದಿತು. ಅದು ತಾನಾಗಿ ಹಾರಿಬಂದುದಲ್ಲ. ಮನುಷ್ಯರ ಸಾಗಾಣಿಕೆಯೇ ಅದನ್ನು ಹೊತ್ತು ತಂದಿತು. ಹೆಣ್ಣು ನೊಣ ರೇಷ್ಮೆಹುಳುವಿನ ಮೈಮೇಲೆ ಬಿಳಿಯ ಮೊಟ್ಟೆಯಿಡುತ್ತದೆ. ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆದ ಮರಿ ಹುಳುವಿನ ಚರ್ಮ ಕೊರೆದು ಒಳಹೊಗುತ್ತದೆ. ಹೊಕ್ಕಲ್ಲಿ ಕಪ್ಪು ಕಲೆ ಉಳಿಯುತ್ತದೆ. ಒಳಗೇ ತಿಂದು ಬೆಳೆದ ಮರಿ, ಹುಳು ಅಷ್ಟರಲ್ಲಿ ಗೂಡು ಕಟ್ಟಿದ್ದರೆ ಗೂಡನ್ನೂ ತೂತು ಮಾಡಿ ಹೊರಬಿದ್ದು, ನೆಲದ ಬಿರುಕುಗಳಲ್ಲಿ ಕೋಶವಾಗುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು.

ಇಲ್ಲಿ ಕೀಟನಾಶಕ ಸಿಂಪಡಿಸುವಂತಿರಲಿಲ್ಲ. ನೊಣದೊಂದಿಗೆ ರೇಷ್ಮೆಹುಳುವೂ ಸಾಯುತ್ತಿತ್ತು. ಆದ್ದರಿಂದಲೇ ನೊಣದ ಸಂತಾನಕ್ರಮವನ್ನು ಅರಿಯುವುದು ಅನಿವಾರ್ಯವಾಯಿತು. ಸಾಕಣೆಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಬಂದಿತು. ನೆಲದ ಬಿರುಕುಗಳನ್ನು ಮುಚ್ಚಿ, ಕೋಶಗಳನ್ನು ಆಯ್ದು ನಾಶಪಡಿಸುವ ರೂಢಿ ಬೆಳೆಯಿತು. ನೊಣದ ಕೋಶದಲ್ಲೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಬಿಡಲಾಯಿತು.

ಊಜಿ ನೊಣ ಸೇರಿರುವ ಟ್ಯಾಕಿನಿಡ್ ಕುಟುಂಬದಲ್ಲಿ 8,000ಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ, ಕೆಲವು ಎಲೆಯ ಮೇಲೆ ಅತಿ ಸೂಕ್ಷ್ಮ ಮೊಟ್ಟೆಗಳನ್ನಿಡುತ್ತವೆ. ಹುಳು ಎಲೆಯೊಂದಿಗೆ ತನ್ನ ಸಾವನ್ನೂ ನುಂಗುತ್ತದೆ. ಇನ್ನು ಕೆಲವು ಮರಿಯನ್ನೇ ನೇರವಾಗಿ ಹುಳುವಿನ ಒಡಲೊಳಗೆ ಇಳಿಸುತ್ತವೆ. ರೇಷ್ಮೆಮನೆಯಲ್ಲಿ ಶತ್ರುವಾದ ಈ ಕುಲದ ಅನೇಕ ನೊಣಗಳು ತೋಟದಲ್ಲಿ ಎಲೆ ತಿನ್ನುವ ಹುಳುಗಳನ್ನು ಹತೋಟಿಯಲ್ಲಿಡುವ ಮಿತ್ರರು. ನಾವು ಎಲೆಗೆ ವಿಷ ಹೊಡೆದಾಗ ಎಲೆಯ ಮೇಲೆ ಕುಳಿತ ನೊಣವೂ, ಹುಳುವಿನ ಒಡಲಲ್ಲಿ ಬೆಳೆಯುತ್ತಿದ್ದ ಮರಿಯೂ ಸಾಯುತ್ತವೆ. ಅಳಿದುಳಿದ ಹುಳುಗಳಿಗೆ ಆಮೇಲೆ ತಡೆಯುವವರಿಲ್ಲ. ನಮಗೆ ಮತ್ತೊಂದು ಡಬ್ಬಿಯ ಖರ್ಚು.

‘ಹುಳು ತೋಟ ತಿಂದು ಮುಗಿಸುವವರೆಗೂ ಕೈಕಟ್ಟಿ ಕೂರಬೇಕೆ?’ ಎಂದು ಕೇಳುವವರಿದ್ದಾರೆ. ಕೂರಬೇಕಿಲ್ಲ, ಕಣ್ಣಿಟ್ಟು ನೋಡಬೇಕು. ವಿದ್ಯಾರ್ಥಿಗಳೇ, ತೋಟದಿಂದ ಹತ್ತು ಹುಳುಗಳನ್ನು ತಂದು, ಬಾಯಿಗೆ ತೆಳುಬಟ್ಟೆ ಕಟ್ಟಿದ ಗಾಜಿನ ಭರಣಿಯಲ್ಲಿ ಅವು ತಿನ್ನುತ್ತಿದ್ದ ಎಲೆಯನ್ನೇ ಹಾಕಿ ಸಾಕಿರಿ. ಎಷ್ಟು ಚಿಟ್ಟೆ ಅಥವಾ ಪತಂಗಗಳಾದವು, ಎಷ್ಟರಿಂದ ನೊಣ ಹೊರಬಂದಿತು ಎಂದು ಲೆಕ್ಕವಿಡಿರಿ. ಆ ಲೆಕ್ಕವನ್ನು ಊರಿನ ಸಭೆಯಲ್ಲಿ ಮಂಡಿಸಿರಿ.

ರೇಷ್ಮೆಯವರು ಅನಿವಾರ್ಯದಿಂದ ಕಲಿತ ಪಾಠವನ್ನು ನಾವು ವಿವೇಕದಿಂದ ಕಲಿಯಲಾರೆವೆ? ಹುಳುವಿನ ಬಾಳನ್ನು ತಿಳಿಯದೆ ತೋಟಕ್ಕೆ ವಿಷವನ್ನು ಇಳಿಸಬೇಡಿ.