ಬಳ್ಳಿಗೆ ಮೊದಲು ಕರಾರು

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಂಥ ಬಯಲುಸೀಮೆಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ಕೊಳವೆಬಾವಿಗಳನ್ನು ಇನ್ನೆಷ್ಟು ಆಳಕ್ಕೆ ಕೊರೆಯಬೇಕು? ಕಡಿಮೆ ನೀರು ಬೇಡುವ ಪರ್ಯಾಯ ಬೆಳೆಗಳಲ್ಲಿ ಕೆಂಪು ವೈನಿನ ಸಿರಾ ದ್ರಾಕ್ಷಿಗೂ ಸ್ಥಾನ ಇರಬೇಕೇ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಸೂಕ್ತ.

ಸಿರಾ ಮೂಲತಃ ಫ್ರಾನ್ಸಿನ ರೋನ್ ಕಣಿವೆಯ ತಳಿ. ಆಸ್ಟ್ರೇಲಿಯದಲ್ಲಿ ಅದು ‘ಶಿರಾಜ್’. ಇರಾನಿನ ಶಿರಾಜ್ ನಗರದಿಂದ ಬಂದಿತೆಂಬ ಕಥೆಯನ್ನು 1990ರ ದಶಕದ ಕೊನೆಯ ಡಿಎನ್‌ಎ ಪರೀಕ್ಷೆಗಳು ತಳ್ಳಿಹಾಕಿದವು. ರೋನ್ ತೀರದ ಹರ್ಮಿಟಾಜ್ ಗುಡ್ಡದ ದ್ರಾಕ್ಷಿತೋಟದ ವಿಸ್ತೀರ್ಣ 150 ಹೆಕ್ಟೇರಿಗೂ ಕಡಿಮೆ. ಆದರೂ ಅದರ ಹೆಸರಿಗೆ ಜಗತ್ತಿನಾದ್ಯಂತ ಬೆಲೆಯಿದೆ. ಕಾನೂನಿನ ರಕ್ಷಣೆ ಪಡೆದ ಊರಿನ ಹೆಸರೇ ಅಲ್ಲಿನ ಬೆಳೆಗಾರನ ಆಸ್ತಿ.

ಕರ್ನಾಟಕಕ್ಕೂ ಈ ತಳಿ ಹೊಸದೇನಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿಯೂ ಕೊಪ್ಪಳ ಜಿಲ್ಲೆಯ ಹನುಮಸಾಗರದ ಬಳಿಯೂ ಅದು ಬೆಳೆಯುತ್ತಿದೆ. 2007ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ವೈನ್ ನೀತಿಯನ್ನೇ ಪ್ರಕಟಿಸಿತು. ನಮ್ಮಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ, ಬೇಸಿಗೆಯಲ್ಲೊಮ್ಮೆ ಮತ್ತು ಮಳೆಗಾಲದ ಕೊನೆಯಲ್ಲೊಮ್ಮೆ, ಸವರಬೇಕು. ಒಣ ಹವೆಯ ಫೆಬ್ರುವರಿ, ಮಾರ್ಚ್ ತಿಂಗಳುಗಳು ಕೊಯ್ಲಿನ ಕಾಲ. ಇದನ್ನು ನೋಡಿದರೆ ಚಿತ್ರದುರ್ಗದ ಹವಾಗುಣ ಈ ಬೆಳೆಗೆ ಅಡ್ಡಿಯಾಗಲಾರದು.

ಅಡ್ಡಿ ಇರುವುದು ಮಾರುಕಟ್ಟೆಯಲ್ಲಿ. ವಿಜಯಪುರದ ರೈತ ತಿನ್ನುವ ದ್ರಾಕ್ಷಿಗೆ ಬೆಲೆ ಸಿಗದಿದ್ದರೆ ಒಣದ್ರಾಕ್ಷಿ ಮಾಡಿ ಶೀತಲಗೃಹದಲ್ಲಿ ಇಟ್ಟುಕೊಳ್ಳಬಲ್ಲ. ಸಿರಾ ಹಣ್ಣಿನದು ಬೇರೆ ಕಥೆ. ಸಣ್ಣ ಗಾತ್ರದ, ಬೀಜ ತುಂಬಿದ, ದಪ್ಪ ಸಿಪ್ಪೆಯ ಈ ಹಣ್ಣನ್ನು ಸಂತೆಯಲ್ಲಿ ಕೇಳುವವರಿಲ್ಲ. ವೈನ್ ಕಾರ್ಖಾನೆ ಬೇಡವೆಂದರೆ ಬೆಳೆ ಬಳ್ಳಿಯಲ್ಲೇ ಕೊಳೆಯಬೇಕು. ನೆಟ್ಟ ಬಳ್ಳಿ ಪೂರ್ಣ ಫಲಕ್ಕೆ ಬರಲು ಮೂರು ವರ್ಷವಾದರೂ ಬೇಕು. ಕಲ್ಲುಕಂಬ, ತಂತಿ, ಹನಿ ನೀರಾವರಿಯ ಖರ್ಚು ಮೊದಲ ವರ್ಷವೇ ಬರುತ್ತದೆ. ಹಲವು ಮಾರಾಟಗಾರರು, ಒಬ್ಬನೇ ಕೊಳ್ಳುವವನು ಇರುವಲ್ಲಿ ಬೆಲೆ ನಿರ್ಧರಿಸುವವನು ಯಾರೆಂದು ಹೇಳಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಆದುದರಿಂದ ಸಸಿಗೆ ಸಹಾಯಧನ ಕೊಟ್ಟ ಮಾತ್ರಕ್ಕೆ ಸರ್ಕಾರದ ಹೊಣೆ ಮುಗಿಯದು. ಕನಿಷ್ಠ ಬೆಲೆ ನಮೂದಿಸಿದ ದೀರ್ಘಾವಧಿಯ ಲಿಖಿತ ಕರಾರು, ಹಣ್ಣಿನ ಸಕ್ಕರೆ ಅಂಶವನ್ನು ಅಳೆಯಲು ತಟಸ್ಥ ವ್ಯವಸ್ಥೆ, ಬೆಳೆಗಾರರ ಉತ್ಪಾದಕ ಸಂಸ್ಥೆ ಇವು ಮೂರೂ ಮೊದಲು ಆಗಬೇಕು. ಬಳ್ಳಿ ನೆಡುವುದು ಆಮೇಲೆ. ಬೆಂಗಳೂರು ನೀಲಿ ದ್ರಾಕ್ಷಿಗೆ ದೊರೆತಿರುವ ಭೌಗೋಳಿಕ ಸೂಚಿಯಂಥ ಮಾನ್ಯತೆಯನ್ನು ಬಯಲುಸೀಮೆಯೂ ಕಾಲಕ್ರಮದಲ್ಲಿ ಗಳಿಸಬಹುದು.

ಸಂವಿಧಾನದ 47ನೇ ವಿಧಿ ಪಾನನಿರೋಧದತ್ತ ಬೊಟ್ಟು ಮಾಡುವಾಗ ಸರ್ಕಾರವೇ ವೈನ್ ದ್ರಾಕ್ಷಿಗೆ ಬೆಂಬಲ ಕೊಡಬೇಕೇ ಎಂಬ ಆಕ್ಷೇಪ ಸಹಜ, ಅದು ಗೌರವಕ್ಕೂ ಅರ್ಹ. ಆದರೆ ನೀತಿಯೊಂದನ್ನು ರೂಪಿಸಿದ ಮೇಲೆ ಅದರ ಲಾಭ ಬಾಟಲಿಗೂ ನಷ್ಟ ಬಳ್ಳಿಗೂ ಹಂಚಿಕೆಯಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಬತ್ತಿದ ಕೊಳವೆಬಾವಿಯ ಸಾಲ ಹೊತ್ತಿರುವ ತಾಳ್ಯದ ರೈತನಿಗೆ ಮತ್ತೊಂದು ಜೂಜು ಬೇಕಾಗಿಲ್ಲ.